ಒತ್ತಡ ಮತ್ತು ಸ್ಪಿನ್: ಸ್ಫಟಿಕ ಕ್ಷೇತ್ರದ ವಿವರಣೆಯೊಂದೇ ಸಾಕೇ?

ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ, ಎರಡು ವಜ್ರಗಳ ಮೊನೆಗಳ ನಡುವೆ ವಸ್ತುವನ್ನು ಹಿಸುಕುವ ಪ್ರಯೋಗಗಳು ನಡೆಯುತ್ತ ಬಂದಿವೆ. ಹೀಗೆ ಹಿಸುಕಿದಾಗ ಕಬ್ಬಿಣದ ಅಯಾನಿನ ಸ್ಪಿನ್ (ಅದರ ಒಂಟಿ ಇಲೆಕ್ಟ್ರಾನುಗಳಿಂದ ಬರುವ ಕಾಂತೀಯ ಗುಣ) ಬದಲಾಗುವುದನ್ನು ಸ್ಫಟಿಕ ಕ್ಷೇತ್ರದ ತರ್ಕವೊಂದೇ, ಅಂದರೆ ಸುತ್ತಲಿನ ಅಯಾನುಗಳು ಒಂದು ಅಯಾನಿನ ಇಲೆಕ್ಟ್ರಾನು ಮಟ್ಟಗಳನ್ನು ಬೇರ್ಪಡಿಸುತ್ತವೆ ಎಂಬ ವಿವರಣೆಯೊಂದೇ, ಪೂರ್ತಿ ತಿಳಿಸಬಲ್ಲದೇ? ಮುಂಬಯಿಯಲ್ಲೇ ವಿಜ್ಞಾನ ಓದುತ್ತಿರುವ ನಮ್ಮ ಕನ್ನಡ ಮಕ್ಕಳು ಈ ಪ್ರಶ್ನೆಯನ್ನು ತಮ್ಮದಾಗಿಸಿಕೊಳ್ಳಬೇಕೆಂಬುದು ನನ್ನ ಆಸೆ.

ಪರ

ಫೆರಸ್ ಅಯಾನಿನಲ್ಲಿ, ಅಂದರೆ ಎರಡು ಇಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದಲ್ಲಿ, ಆರು ಡಿ-ಇಲೆಕ್ಟ್ರಾನುಗಳಿವೆ. ಆರು ಆಕ್ಸಿಜನ್‌ಗಳು ಸುತ್ತುವರಿದಾಗ ಅವು ನೆಲೆಸುವ ಐದು ಡಿ-ಕಕ್ಷಕಗಳು ಶಕ್ತಿಯಲ್ಲಿ ಕೆಳಗೆ ಮೂರು, ಮೇಲೆ ಎರಡು ಎಂದು ಬೇರ್ಪಡುತ್ತವೆ. ಈ ಅಂತರವು ಎರಡು ಇಲೆಕ್ಟ್ರಾನುಗಳು ಒಂದೇ ಕಕ್ಷಕದಲ್ಲಿ ಜೋಡಿಗೂಡಲು ತಗಲುವ ಶಕ್ತಿಗಿಂತ ಕಡಿಮೆಯಿದ್ದರೆ ನಾಲ್ಕು ಇಲೆಕ್ಟ್ರಾನುಗಳು ಒಂಟಿಯಾಗಿ ಉಳಿಯುತ್ತವೆ; ಇದು ಅಧಿಕ ಸ್ಪಿನ್ ಸ್ಥಿತಿ. ಹೆಚ್ಚಿದ್ದರೆ ಆರೂ ಕೆಳಗೇ ಜೋಡಿಯಾಗಿ, ಅಯಾನಿನ ಸ್ಪಿನ್ ಸೊನ್ನೆಯಾಗುತ್ತದೆ. ಸರಳ ಲೆಕ್ಕದಲ್ಲಿ ಅಂತರವು ಕಬ್ಬಿಣ-ಆಕ್ಸಿಜನ್ ದೂರದ ಐದನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ಬಂಧ ಶೇ. 10ರಷ್ಟು ಕುಗ್ಗಿದರೆ ಅಂತರ ಸುಮಾರು 1.7 ಪಟ್ಟಾಗುತ್ತದೆ. ಸ್ಪಿನ್ ಸೊನ್ನೆಯಾದಾಗ ಅಯಾನಿನ ತ್ರಿಜ್ಯವೂ 0.78 ಆಂಗ್‌ಸ್ಟ್ರಾಮ್‌ನಿಂದ 0.61ಕ್ಕೆ ಇಳಿಯುವುದರಿಂದ ಒತ್ತಡವು ಚಿಕ್ಕ ಸ್ಥಿತಿಯ ಪಕ್ಷವನ್ನೇ ವಹಿಸುತ್ತದೆ. ಭೂಮಿಯ ಒಳಪದರದಲ್ಲಿ ಹೀಗಾಗಬಹುದೆಂದು ಭೂರಸಾಯನ ವಿಜ್ಞಾನಿ ಫೈಫ್ 1960ರಲ್ಲೇ ಊಹಿಸಿದ್ದರು. 2003ರಲ್ಲಿ ಎಕ್ಸ್-ಕಿರಣ ಉತ್ಸರ್ಜನೆಯ ಪ್ರಯೋಗ, ಕಬ್ಬಿಣ ಬೆರೆತ ಮೆಗ್ನೀಸಿಯಂ ಆಕ್ಸೈಡಿನಲ್ಲಿ 60–70 ಗಿಗಾಪಾಸ್ಕಲ್ (ಒಂದು ಗಿಗಾಪಾಸ್ಕಲ್ ಎಂದರೆ ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು) ಒತ್ತಡದಲ್ಲಿ ಅದನ್ನು ತೋರಿಸಿತು. ಕಾಗದದ ಮೇಲಿನ ಇಷ್ಟು ಸಣ್ಣ ತರ್ಕ ಇಷ್ಟು ದೂರ ಬಂದದ್ದು ಸಾಮಾನ್ಯ ಸಂಗತಿಯಲ್ಲ.

ವಿರೋಧ

ಆ ತರ್ಕ ದಿಕ್ಕನ್ನು ಹೇಳುತ್ತದೆ, ನಿಜ. ಆದರೆ ಯಾವ ಒತ್ತಡದಲ್ಲಿ, ಎಷ್ಟು ಥಟ್ಟನೆ ಎಂಬುದನ್ನು ಹೇಳುವುದಿಲ್ಲ. ಅದು ನೋಡುವುದು ಒಂಟಿ ಅಯಾನನ್ನು. ಸ್ಫಟಿಕದಲ್ಲಿ ಒಂದು ಅಯಾನು ಕುಗ್ಗಿದರೆ ನೆರೆಯ ಅಯಾನುಗಳ ಬಂಧಗಳೂ ಎಳೆದಾಡುತ್ತವೆ. ಆದ್ದರಿಂದಲೇ ಕಬ್ಬಿಣದ ಕಾರ್ಬೋನೇಟಿನಲ್ಲಿ ಸುಮಾರು 45 ಗಿಗಾಪಾಸ್ಕಲ್ ಬಳಿ ಬದಲಾವಣೆ ಚುರುಕಾಗಿ ನಡೆಯುತ್ತದೆ. ಕಬ್ಬಿಣದ ಆಕ್ಸೈಡ್ ಖನಿಜವಾದ ಹೆಮಟೈಟ್ ಇನ್ನೂ ಕಠಿಣ ಸಾಕ್ಷಿ. ಸುಮಾರು 50 ಗಿಗಾಪಾಸ್ಕಲ್‌ನಲ್ಲಿ ಅದರ ಗಾತ್ರ ಶೇ. 10ರಷ್ಟು ಕುಸಿಯುತ್ತದೆ, ರಚನೆ ಬದಲಾಗುತ್ತದೆ, ವಿದ್ಯುತ್ತಿಗೆ ಅದು ಒಡ್ಡುವ ತಡೆಯೂ ತೀರ ಇಳಿಯುತ್ತದೆ. ಇಲೆಕ್ಟ್ರಾನು ಒಂದು ಅಯಾನಿನಿಂದ ಇನ್ನೊಂದಕ್ಕೆ ಹರಿಯತೊಡಗಿದ ಮೇಲೆ, ಅದನ್ನು ಒಂದೇ ಅಯಾನಿನ ಮಟ್ಟಗಳಲ್ಲಿ ಕೂರಿಸಿ ವಿವರಿಸುವುದು ಹೇಗೆ?

ಉಷ್ಣತೆಯನ್ನಂತೂ ಮರೆಯುವಂತಿಲ್ಲ. ಅಧಿಕ ಸ್ಪಿನ್ ಸ್ಥಿತಿಗೆ ಎಂಟ್ರೊಪಿ, ಅಂದರೆ ಸಾಧ್ಯವಿರುವ ಜೋಡಣೆಗಳ ಅಳತೆ, ಹೆಚ್ಚು; ಕಾವು ಏರಿದಷ್ಟೂ ಅದಕ್ಕೆ ಒಲವು ಹೆಚ್ಚುತ್ತದೆ. ಹಾಗಾಗಿ ಸುಮಾರು 2,000 ಕೆಲ್ವಿನ್ ಕಾವಿರುವ ಭೂಗರ್ಭದಲ್ಲಿ ಎರಡೂ ಸ್ಥಿತಿಗಳು ನೂರಾರು ಕಿಲೋಮೀಟರ್ ಆಳದುದ್ದಕ್ಕೂ ಬೆರೆತಿರುತ್ತವೆ. ಅಲ್ಲಿ ಒತ್ತಿದಷ್ಟೂ ಇನ್ನಷ್ಟು ಅಯಾನುಗಳು ಚಿಕ್ಕ ಸ್ಥಿತಿಗೆ ಜಾರುವುದರಿಂದ ಖನಿಜವು ಒತ್ತಡಕ್ಕೆ ಮೆತ್ತಗಾಗುತ್ತದೆ, ಭೂಕಂಪದ ಪ್ರಾಥಮಿಕ ಅಲೆಗಳ ವೇಗಕ್ಕೆ ಅದರ ಪರಿಣಾಮ ತಟ್ಟುತ್ತದೆ. ನನ್ನ ಒಲವು ಈ ಪಕ್ಷಕ್ಕೇ: ಶೂನ್ಯ ತಾಪದ ಮಟ್ಟಗಳ ಚಿತ್ರದಿಂದ ಈ ಮೆತುತನವನ್ನು ಲೆಕ್ಕ ಹಾಕಲಾಗದು.