ಸ್ಪಷ್ಟನೆ: 1982ರಲ್ಲಿ ರೋಸ್‌ಬರ್ಗ್ ಒಂದು ರೇಸ್ ಗೆದ್ದಿದ್ದರು
ನಮ್ಮ ಶಿವಮೊಗ್ಗದ ರೇಸ್ ಅಭಿಮಾನಿಗಳ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ‘1982ರಲ್ಲಿ ಕೇಕೆ ರೋಸ್‌ಬರ್ಗ್ ಒಂದೂ ರೇಸ್ ಗೆಲ್ಲದೆ ಫಾರ್ಮುಲಾ ಒನ್ ಚಾಂಪಿಯನ್ ಆದರು.’ ಇದು ತಪ್ಪು. ಅವರು ಸ್ವಿಸ್ ಗ್ರ್ಯಾಂಡ್ ಪ್ರೀ ಗೆದ್ದಿದ್ದರು. ಅದು ನಡೆದದ್ದು ಮಾತ್ರ ಫ್ರಾನ್ಸ್‌ನ ದಿಜೋನ್‌ನಲ್ಲಿ. ಸ್ವಿಟ್ಜರ್ಲೆಂಡ್‌ನಲ್ಲಿ ಆಗ ಸರ್ಕ್ಯೂಟ್ ರೇಸಿಗೆ ನಿಷೇಧವಿತ್ತು.

ಆ ವರ್ಷವೇ ಹಾಗಿತ್ತು. 16 ರೇಸ್, 11 ಬೇರೆ ಬೇರೆ ವಿಜೇತರು! ಯಾರೂ ಎರಡಕ್ಕಿಂತ ಜಾಸ್ತಿ ಗೆಲ್ಲಲಿಲ್ಲ. ಬೆಲ್ಜಿಯಂನ ಝೋಲ್ಡರ್‌ನಲ್ಲಿ ಆದ ಅಪಘಾತದಲ್ಲಿ ಚಾಲಕ ಜಿಲ್ ವಿಲ್ನೆವ್ ಪ್ರಾಣ ಬಿಟ್ಟರು. ಅಂಕಪಟ್ಟಿಯಲ್ಲಿ ಮುಂದಿದ್ದ ಚಾಲಕ ಪಿರೋನಿ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಕಾಲು ಮುರಿದುಕೊಂಡರು. ನೆನೆದರೆ ಇವತ್ತಿಗೂ ಹೊಟ್ಟೆ ಕಲಕುತ್ತದೆ. ಕೊನೆಗೆ ರೋಸ್‌ಬರ್ಗ್‌ಗೆ 44 ಅಂಕ, ಪಿರೋನಿಗೆ 39.

‘ಒಂದೇ ಗೆಲುವಿನ ಚಾಂಪಿಯನ್ ಇವರೊಬ್ಬರೇ’ ಎನ್ನುವುದೂ ಸರಿಯಲ್ಲ. 1958ರಲ್ಲಿ ಮೈಕ್ ಹಾಥಾರ್ನ್ ಕೂಡ ಹಾಗೇ ಚಾಂಪಿಯನ್ ಆಗಿದ್ದರು. ಸುಮ್ನೆ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು ತಿದ್ದಿ ಕಳಿಸಿ.