ಎಂಥೆಂಥ ಜ್ವರ ನೋಡಿದವರಿಗೂ ಮೇ ತಿಂಗಳಲ್ಲಿ ಒಂದು ಸೂಜಿ

"ನಾವು ಎಂಥೆಂಥ ಜ್ವರ ನೋಡಿದವರು, ಈ ಫ್ಲೂಗೆಲ್ಲ ಸೂಜಿ ಯಾಕೆ?" ಮುಂಬಯಿಯಲ್ಲಿ ಡೊಂಬಿವಲಿಯಿಂದ ಮಾಟುಂಗದವರೆಗೆ ನಮ್ಮ ಕನ್ನಡಿಗರ ಯಾರ ಮನೆಗೆ ಹೋದರೂ ಹಿರಿಯರ ಬಾಯಲ್ಲಿ ಈ ಮಾತು ಕೇಳುತ್ತದೆ. ನಮ್ಮ ಅತ್ತೆಯದಂತೂ ಇದು ಖಾಯಂ ಡೈಲಾಗು. ನಾನು ಡಾಕ್ಟರ್ ಅಲ್ಲ, ಓದಿ ತಿಳಿದುಕೊಂಡವನು ಅಷ್ಟೇ. ಓದಿದ ಮೇಲೆ ಅನಿಸಿದ್ದು, ಅತ್ತೆಯ ಮಾತು ಅರ್ಧ ಸರಿ. ತೊಂದರೆ ಇರುವುದು ಉಳಿದ ಅರ್ಧದಲ್ಲಿ.

ಮೊದಲು ಸರಿ ಇರುವ ಅರ್ಧ. 1918ರ ಇನ್‌ಫ್ಲುಯೆನ್ಸಾ, ಅಂದರೆ ಇದೇ ಫ್ಲೂ, ನಮ್ಮ ದೇಶಕ್ಕೆ ಕಾಲಿಟ್ಟಿದ್ದು ಇದೇ ಮುಂಬಯಿ ಬಂದರಿನಿಂದ, ಜೂನ್ ತಿಂಗಳಲ್ಲಿ. ದೇಶದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಆ ಕಾಲದಲ್ಲಿ ಮಕ್ಕಳಾಗಿದ್ದು ಬದುಕಿ ಉಳಿದ 32 ಅಜ್ಜ ಅಜ್ಜಿಯರ ರಕ್ತವನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಎಲ್ಲರೂ 90 ದಾಟಿದವರು. 2008ರಲ್ಲಿ ಫಲಿತಾಂಶ ಬಂತು. ಅಷ್ಟೂ ಜನರ ರಕ್ತದಲ್ಲಿ ಆ ವೈರಸ್ಸನ್ನು ಗುರುತಿಸುವ ಆಂಟಿಬಾಡಿ, ಅಂದರೆ ವೈರಸ್ಸಿಗೆ ಅಂಟಿಕೊಳ್ಳುವ ರಕ್ಷಕ ಪ್ರೊಟೀನು, ಇತ್ತು. ಸುಮಾರು 90 ವರ್ಷ ಆದ ಮೇಲೂ!

ಮರುವರ್ಷವೇ ಪುಣೆಯಲ್ಲಿ ಹಂದಿಜ್ವರ, ಅದೂ ಒಂದು ಬಗೆಯ ಫ್ಲೂ. ಆಗಸ್ಟ್ 2009ರಲ್ಲಿ ದೇಶದ ಮೊದಲ ಸಾವು ಅಲ್ಲೇ ಆಯಿತು, ಸತ್ತದ್ದು ಶಾಲೆಗೆ ಹೋಗುವ ಹುಡುಗಿ. ಶಾಲೆ, ಕಾಲೇಜು, ಮಾಲ್ ಎಲ್ಲ ಮುಚ್ಚಿದವು. ಆ ವೈರಸ್ ಜಾಸ್ತಿ ಹಿಡಿದದ್ದು ಚಿಕ್ಕವರನ್ನು. 60 ದಾಟಿದವರಲ್ಲಿ ಮೂರರಲ್ಲಿ ಒಬ್ಬರಿಗೆ ಅದನ್ನು ಎದುರಿಸುವ ಆಂಟಿಬಾಡಿ ಮೊದಲೇ ಇತ್ತು ಅಂತ ಅಮೆರಿಕದಲ್ಲಿ ಅದೇ ವರ್ಷ ಕಂಡುಬಂತು. ಕಾರಣ, 1957ಕ್ಕೆ ಮೊದಲು ಹುಟ್ಟಿದವರು ಅದರ ಹಳೆಯ ಬಂಧುಗಳನ್ನು ಬಾಲ್ಯದಲ್ಲೇ ಕಂಡವರು. ಆದರೆ ಹಿರಿಯರಲ್ಲಿ ಯಾರಿಗೆ ಸೋಂಕು ತಗುಲಿತೋ ಅವರಿಗೆ ಸಾವಿನ ಅಪಾಯ ಹೆಚ್ಚೇ ಇತ್ತು. ಇದನ್ನು ಅತ್ತೆಗೆ ಹೇಳಿದರೆ ಮೊದಲ ಭಾಗ ಮಾತ್ರ ಕೇಳಿಸುತ್ತದೆ.

ಇನ್ನು ಉಳಿದ ಅರ್ಧ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತ ಹಳೆಯ ಧಣಿಗಳನ್ನು ನೋಡಿ. ನಲವತ್ತು ವರ್ಷದ ಹಿಂದಿನ ಗಿರಾಕಿಯನ್ನು ಬಾಗಿಲಲ್ಲೇ ಗುರುತಿಸುತ್ತಾರೆ, ನಿನ್ನೆ ಬಂದವನ ಮುಖ ನೆನಪಿರುವುದಿಲ್ಲ. ವಯಸ್ಸಾದ ದೇಹದ ರೋಗನಿರೋಧಕ ಶಕ್ತಿಯೂ ಹಾಗೆಯೇ. ಹಳೆಯ ವೈರಸ್‌ಗೆ ಆಂಟಿಬಾಡಿ ತಯಾರಿಸುವ ಕೆಲವು ಕೋಶಗಳು ಎಲುಬಿನ ಮಜ್ಜೆಯಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಆದರೆ ಹೊಸ ವೈರಸ್ಸನ್ನು ಕಲಿತುಕೊಳ್ಳುವ ಹೊಸ ಕೋಶಗಳು ಕಡಿಮೆಯಾಗುತ್ತವೆ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿಯಿದೆ, ಟಿ ಕೋಶ ಎನ್ನುವ ರಕ್ಷಕ ಬಿಳಿ ರಕ್ತಕಣಗಳು ಪಳಗುವ ಜಾಗ. ಅದು ಹರೆಯದಿಂದಲೇ ಕುಗ್ಗತೊಡಗುತ್ತದೆ. ಆಂಟಿಬಾಡಿ ಮಾಡುವ ಕೆಲಸ ಬಿ ಕೋಶಗಳದ್ದು, ಟಿ ಕೋಶದ ನೆರವಿಲ್ಲದೆ ಅವು ಒಳ್ಳೆಯ ಆಂಟಿಬಾಡಿ ಮಾಡುವುದು ಕಷ್ಟ.

ಫ್ಲೂ ವೈರಸ್ಸೋ, ಸದಾ ವೇಷ ಬದಲಿಸುತ್ತಲೇ ಇರುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯಲ್ಲಿ ಯಾವ ತಳಿಗಳು ಇರಬೇಕು ಅಂತ ತೀರ್ಮಾನಿಸುತ್ತದೆ. ಎಚ್3ಎನ್2 ಎನ್ನುವ ತಳಿ ಹುಟ್ಟಿದ್ದೇ 1968ರಲ್ಲಿ. ನಮ್ಮ ಅತ್ತೆಯ ಬಾಲ್ಯದಲ್ಲಿ ಅದು ಇರಲೇ ಇಲ್ಲ! ಹಿರಿಯರನ್ನು ಹೆಚ್ಚು ಕಾಡುವುದೂ ಅದೇ.

"ವಯಸ್ಸಾದವರಿಗೆ ಸೂಜಿ ನಾಟುವುದಿಲ್ಲ, ಮತ್ತೆ ಯಾಕೆ ಕೊಡಿಸಬೇಕು?" ಅಂತ ಕೇಳುವ ಬುದ್ಧಿವಂತರೂ ಇದ್ದಾರೆ. ಕಡಿಮೆ ನಾಟುತ್ತದೆ, ನಿಜ. ಅದಕ್ಕೆ ದಾರಿಯನ್ನೂ ಹುಡುಕಿದ್ದಾರಲ್ಲ. ನಾಲ್ಕು ಪಟ್ಟು ಹೆಚ್ಚು ಸಾಮಗ್ರಿ ತುಂಬಿದ ಫ್ಲೂ ಲಸಿಕೆಯನ್ನು 65 ದಾಟಿದ ಸುಮಾರು 32 ಸಾವಿರ ಜನರಲ್ಲಿ ಸಾಮಾನ್ಯ ಲಸಿಕೆಯ ಜತೆ ಹೋಲಿಸಿ ನೋಡಿದರು. 2014ರಲ್ಲಿ ಬಂದ ಲೆಕ್ಕದ ಪ್ರಕಾರ, ಹೆಚ್ಚು ಡೋಸ್ ಪಡೆದವರಲ್ಲಿ ಫ್ಲೂ 24% ಕಡಿಮೆ.

ಆರ್‌ಎಸ್‌ವಿ ಅಂತ ಇನ್ನೊಂದು ವೈರಸ್ಸಿದೆ. ಮಕ್ಕಳ ಕಾಯಿಲೆ ಎಂದೇ ಹೆಸರು, ಆದರೆ ಮುದುಕರ ಶ್ವಾಸಕೋಶಕ್ಕೂ ಕಷ್ಟ ಕೊಡುತ್ತದೆ. 1960ರ ದಶಕದಲ್ಲಿ ಅದಕ್ಕೆ ಲಸಿಕೆ ಮಾಡಲು ಹೋಗಿ, ಲಸಿಕೆ ಪಡೆದ ಮಕ್ಕಳಿಗೇ ಕಾಯಿಲೆ ಉಲ್ಬಣಿಸಿತು, ಇಬ್ಬರು ತೀರಿಕೊಂಡರು. ಆಮೇಲೆ ದಶಕಗಟ್ಟಲೆ ಕೆಲಸ ಮುಂದೆ ಸಾಗಲಿಲ್ಲ. ಆ ವೈರಸ್‌ನ ಮೈಮೇಲಿನ ಎಫ್ ಪ್ರೊಟೀನು ನಮ್ಮ ಕೋಶಕ್ಕೆ ನುಗ್ಗುವಾಗ ಆಕಾರ ಬದಲಿಸುತ್ತದೆ. ನಿಜವಾಗಿ ತಡೆಯುವ ಆಂಟಿಬಾಡಿ ಹುಟ್ಟುವುದು ಮುಖ್ಯವಾಗಿ ನುಗ್ಗುವ ಮೊದಲಿನ ಆಕಾರಕ್ಕೆ. ಅಮೆರಿಕದ ಸರ್ಕಾರಿ ಪ್ರಯೋಗಾಲಯದವರು 2013ರಲ್ಲಿ ಆ ಆಕಾರವನ್ನು ಹಿಡಿದು ನಿಲ್ಲಿಸಿದರು. ಹತ್ತು ವರ್ಷದಲ್ಲಿ, 2023ರಲ್ಲಿ, 60 ದಾಟಿದವರಿಗೆ ಅಲ್ಲಿ ಲಸಿಕೆ ಬಂತು. ಅಂದರೆ ಆಂಟಿಬಾಡಿ ಎಷ್ಟಿದೆ ಅನ್ನುವಷ್ಟೇ ಮುಖ್ಯ, ಅದು ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ ಅನ್ನುವುದು.

ಇದನ್ನೇ ನಮ್ಮ ಬಿಲ್ಡಿಂಗಿನವರಿಗೆ ಹೇಳಿ ಸಾಕಾಗಿದೆ. ಕೊರೊನಾ ಕಾಲದಲ್ಲಿ ಲ್ಯಾಬಿಗೆ ಓಡಿ ಆಂಟಿಬಾಡಿ ಟೆಸ್ಟ್ ಮಾಡಿಸಿ, ನಂಬರು ವಾಟ್ಸಾಪಿನಲ್ಲಿ ಹಾಕುವ ಹುಚ್ಚು ಎಷ್ಟಿತ್ತು ಅಲ್ವಾ? ಆ ಒಂದು ನಂಬರಿನಿಂದ ನಿಮಗೆ ರಕ್ಷಣೆ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಅದೂ ಅಲ್ಲದೆ ತೋಳಿಗೆ ಕೊಟ್ಟ ಸೂಜಿಯಿಂದ ಆಂಟಿಬಾಡಿ ಬರುವುದು ಮುಖ್ಯವಾಗಿ ರಕ್ತದಲ್ಲಿ, ಮೂಗಿನಲ್ಲಿ ಕಡಿಮೆ. ಹಾಗಾಗಿ ಸೂಜಿ ಹಾಕಿಸಿಕೊಂಡವರಿಗೂ ನೆಗಡಿ ಆಗಬಹುದು. ನಮಗೆ ಬೇಕಾದದ್ದು ಅದು ನ್ಯುಮೋನಿಯಾದವರೆಗೆ ಹೋಗದಿರುವುದು. ಫ್ಲೂ ಬಂದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಅಪಾಯ ಆರು ಪಟ್ಟು ಏರುತ್ತದೆ ಅಂತ 2018ರಲ್ಲಿ ಕೆನಡಾದ ಅಧ್ಯಯನವೊಂದು ತೋರಿಸಿತ್ತು. ಬಿಪಿ, ಶುಗರ್ ಇರುವ ಮನೆಗಳವರು ಇದನ್ನು ಗಮನಿಸಬೇಕು.

ಇನ್ನು ಕಾಲದ ವಿಷಯ. ಅಮೆರಿಕದಲ್ಲಿರುವ ಮಗ "ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳಿ" ಅಂತ ಫೋನಿನಲ್ಲಿ ಹೇಳುತ್ತಾನೆ. ಅದು ಅವನ ಊರಿನ ಚಳಿಗಾಲದ ಲೆಕ್ಕ. ಮುಂಬಯಿ, ಪುಣೆಯಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ. ಆಂಟಿಬಾಡಿ ಏಳಲು ಸುಮಾರು ಎರಡು ವಾರ ಬೇಕು, ಕೆಲವು ತಿಂಗಳಲ್ಲಿ ಇಳಿಯುವುದಕ್ಕೂ ಶುರು. ಹಾಗಾಗಿ ನಮಗೆ ಸರಿಯಾದ ಕಾಲ ಏಪ್ರಿಲ್, ಮೇ. ಊರಿಗೆ ಹೋಗುವ ಗಡಿಬಿಡಿಯಲ್ಲಿ ಮರೆತುಹೋಗುವುದೂ ಆಗಲೇ.

ಕೇಂದ್ರ ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಹಿರಿಯರ ಫ್ಲೂ ಸೂಜಿ ಇಲ್ಲ, ಹೆಚ್ಚಿನವರು ಕೈಯಿಂದ ದುಡ್ಡು ಹಾಕಬೇಕು. ನಮ್ಮ ಕನ್ನಡ ಸಂಘಗಳು ವರ್ಷ ವರ್ಷ ಆರೋಗ್ಯ ಶಿಬಿರ ಮಾಡುತ್ತವೆ. ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಶಾಲು ಹೊದೆಸುತ್ತಾರೆ, ಉಪ್ಪಿಟ್ಟು ಕೊಡುತ್ತಾರೆ. ಒಂದು ಮೇಜು ಫ್ಲೂ ಲಸಿಕೆಗೆ ಇಡಲು ಏನು ಅಡ್ಡಿ? ಶಾಲಿನ ದುಡ್ಡು ಉಳಿಸಿದರೆ ಕೈಲಾಗದ ಕೆಲವರಿಗಾದರೂ ಸೂಜಿ ಆಗುತ್ತದೆ. ಡಿಸೆಂಬರಿನ ಬದಲು ಶಿಬಿರವನ್ನು ಏಪ್ರಿಲ್ ಕೊನೆಗೆ ಇಡಿ. ಹಿಂದೆ ಇದೇ ಲಸಿಕೆಯಿಂದ ಜೋರು ಅಲರ್ಜಿ ಆದವರನ್ನು, ಅವತ್ತು ಜ್ವರ ಇರುವವರನ್ನು ಬೇರೆ ಮಾಡಲು ಒಬ್ಬ ಡಾಕ್ಟರ್ ಕೂತಿರಲಿ. ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನು ಇದನ್ನು ಕೇಳುವವನಿದ್ದೇನೆ. ಶಿಬಿರದಲ್ಲಿ ಕೂರಲು ಒಪ್ಪುವ ಡಾಕ್ಟರ್‌ಗಳು ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ.