ಅಂಕ ಹೆಚ್ಚಾದಷ್ಟೂ ಅನುತ್ತೀರ್ಣ

ನಾಯಿಯ ಹೊಟ್ಟೆ ಕೆಡುವುದು ನಾಯಿಗಿಂತ ಹೆಚ್ಚಾಗಿ ಅದನ್ನು ಸಾಕಿದ ಮನೆಗೆ ಬರುವ ಕಾಯಿಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಯಿ ಒಂದಿಷ್ಟು ಹುಲ್ಲು ಮೇದು, ವಾಂತಿ ಮಾಡಿ, ತಂಪಾದ ಮೂಲೆಯೊಂದನ್ನು ಹುಡುಕಿ ಮಲಗಿ, ತನ್ನ ಪಾಡಿಗೆ ತಾನು ಸುಧಾರಿಸಿಕೊಳ್ಳುತ್ತಿರುತ್ತದೆ. ಮನೆಮಂದಿಯಾದರೋ ಆ ಹೊತ್ತಿಗೆ ವೈದ್ಯರಾಗಿ, ದಾದಿಯರಾಗಿ, ಒಬ್ಬರ ಮೇಲೊಬ್ಬರು ದೂರು ಹೇಳುವ ಫಿರ್ಯಾದಿಗಳಾಗಿ ಬದಲಾಗಿರುತ್ತಾರೆ. ಪ್ರೀತಿಯನ್ನು ಬಡಿಸಿಯೇ ತೋರಿಸಿ ರೂಢಿಯಾದ ನಮ್ಮಂತಹ ಮನೆಗಳಲ್ಲಿ, 'ಸ್ವಲ್ಪ ಹೊತ್ತು ಏನನ್ನೂ ಕೊಡಬೇಡಿ' ಎಂಬ ಔಷಧ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ನಮ್ಮ ನಾಯಿಯ ಹೆಸರು ಕಾಳಿ; ಬಣ್ಣ ಮಾತ್ರ ಗೋಧಿ. ಇತಿಹಾಸದ ಮೇಷ್ಟರಾಗಿ ನಿವೃತ್ತರಾದ ಅಪ್ಪ, ಬೀದಿಯಿಂದ ಬಂದ ಮರಿಗೆ ಬಣ್ಣ ನೋಡದೆ ವಂಶ ಕೇಳದೆ ಆತಕೂರಿನ ಹೆಸರನ್ನು ಇಟ್ಟುಬಿಟ್ಟರು. ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ವೀರಗಲ್ಲು, ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ ಮೆಚ್ಚಿ ಕೊಟ್ಟ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಂದರೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತ ಸಂಗತಿಯನ್ನು ಹೇಳುತ್ತದೆ. ಆ ಕಲ್ಲನ್ನು ಪೂಜಿಸದೆ ಊಟ ಮಾಡಿದ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಎಂದೂ ಅದರಲ್ಲಿದೆ. ಈ ಕಡೆಯ ಮಾತನ್ನು ನಮ್ಮ ಮನೆಯವರು ತಮಗಾಗಿಯೇ ಕೆತ್ತಿಸಿದ್ದೆಂದು ತಿಳಿದಂತಿದೆ. ಕಾಳಿಗೆ ಒಂದು ತುತ್ತು ಹಾಕದೆ ತಾವು ಉಣ್ಣುವವರು ಇಲ್ಲಿ ಯಾರೂ ಇಲ್ಲ. ಶಾಸನದ ಕಾಳಿ ಹಂದಿಯ ಎದುರು ಬಿದ್ದಿತು. ನಮ್ಮ ಕಾಳಿಯನ್ನು ಬೀಳಿಸಿದ್ದು ಯುಗಾದಿಯ ಒಬ್ಬಟ್ಟು.

ಹಬ್ಬದ ರಾತ್ರಿ ಅದರ ಹೊಟ್ಟೆಯೊಳಗಿನ ಗುಡುಗು ನಡುಮನೆಯವರೆಗೂ ಕೇಳಿಸುತ್ತಿತ್ತು. ಕಾಳಿ ಮರ್ಯಾದಸ್ಥ ನಾಯಿ. ಬಾಗಿಲು ಕೆರೆದು, ಯಾರಾದರೂ ತೆರೆದ ಮೇಲೆ ಹೊರಗೆ ಹೋಗುವುದು ಅದರ ಶಿಸ್ತು. ಆದರೆ ನಮ್ಮ ಮುಂಬಾಗಿಲಿಗೆ ಮೇಲೊಂದು ಕೆಳಗೊಂದು ಅಗುಳಿ, ನಡುವೆ ಚಿಲಕ, ಸಾಲದ್ದಕ್ಕೆ ಕಳ್ಳರ ಭಯದಿಂದ ಚಿಕ್ಕಪ್ಪ ಹಾಕಿಸಿದ ಸರಪಳಿ. ಇವಿಷ್ಟನ್ನೂ ತೆರೆಯುವ ಹೊತ್ತಿಗೆ ತೆರೆಯುವ ಅಗತ್ಯವೇ ಉಳಿದಿರಲಿಲ್ಲ. ಆ ಸಂಕಟದಲ್ಲೂ ಕಾಳಿ ನೆಲವನ್ನು ಬಿಟ್ಟು ಕಾಗದವನ್ನೇ ಹುಡುಕಿಕೊಂಡಿತ್ತು. ಸಿಕ್ಕಿದ್ದು, ಅಪ್ಪ ಬಿಡುವಾಗಿ ಓದಲೆಂದು ಕುರ್ಚಿಯ ಪಕ್ಕ ಹರಡಿಟ್ಟಿದ್ದ ಪತ್ರಿಕೆಯ ವರ್ಷಭವಿಷ್ಯದ ಪುಟ. ಮೇಷದಿಂದ ಸಿಂಹದವರೆಗಿನ ರಾಶಿಗಳು ಹೇಗೋ ಪಾರಾದವು. ಕನ್ಯಾ ರಾಶಿಯಿಂದ ಮುಂದಿನವರಿಗೆ ಆ ಸಂವತ್ಸರದಲ್ಲಿ ಏನು ಕಾದಿತ್ತೆಂಬುದು ನಮಗೆ ಇಂದಿಗೂ ತಿಳಿದಿಲ್ಲ. ತುಲಾ ರಾಶಿಯ ಚಿಕ್ಕಪ್ಪ ಮಾತ್ರ ಕಂಡದ್ದನ್ನೇ ಭವಿಷ್ಯವೆಂದು ಓದಿಕೊಂಡು, ಆ ವರ್ಷ ಸೈಟು ಕೊಳ್ಳುವ ಯೋಚನೆಯನ್ನು ಕೈಬಿಟ್ಟರು.

ಬೆಳಗಿನ ಜಾವ ಅಜ್ಜಿ ಎದ್ದು ಬಂದು ಕಾಳಿಯ ಹೊಟ್ಟೆಯ ಮೇಲೆ ಕೈಯಿಟ್ಟು, 'ಮೈ ಕಾದುಹೋಗಿದೆ, ಜ್ವರ' ಎಂದು ಘೋಷಿಸಿದರು. ಆರೋಗ್ಯವಾಗಿರುವ ನಾಯಿಯ ಮೈಶಾಖವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಆದ್ದರಿಂದ ಮನುಷ್ಯರ ಕೈಗೆ ಅದು ಯಾವಾಗಲೂ ಬೆಚ್ಚಗೆಯೇ ಹತ್ತುತ್ತದೆ ಎಂದು ವಿವರಿಸಲು ಹೋದೆ. 'ಹಾಗಾದರೆ ಇಷ್ಟು ವರ್ಷವೂ ಪಾಪದ್ದು ಜ್ವರದಲ್ಲೇ ಓಡಾಡಿಕೊಂಡಿತ್ತು ಅನ್ನು' ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸರಿಯಾಗಿ ಅಳೆಯಬೇಕಾದರೆ ಥರ್ಮಾಮೀಟರನ್ನು ಬಾಲದ ಕೆಳಗೆ ಇಡಬೇಕು ಎಂದು ನಾನು ಹೇಳಿದ ಕೆಲವೇ ನಿಮಿಷಗಳಲ್ಲಿ ಮನೆಯಲ್ಲಿದ್ದ ಒಂದೇ ಒಂದು ಥರ್ಮಾಮೀಟರ್ ಕಾಣೆಯಾಯಿತು. ಅದನ್ನು ಬಚ್ಚಿಟ್ಟವರು ಯಾರೆಂದು ನನಗೆ ಗೊತ್ತು. ಮುಂದೆ ಅದೇ ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕಾದವರೂ ಅವರೇ ಆದ್ದರಿಂದ ಅವರನ್ನು ದೂರುವಂತಿಲ್ಲ.

ಅಷ್ಟರಲ್ಲಿ ಅಡುಗೆಮನೆ ಔಷಧಾಲಯವಾಗಿತ್ತು. ಅಮ್ಮ ದಾಳಿಂಬೆಯ ಸಿಪ್ಪೆಯನ್ನು ಕುದಿಯಲು ಇಟ್ಟಿದ್ದರು. ಅಜ್ಜಿ ಮೆಂತ್ಯವನ್ನು ಮಜ್ಜಿಗೆಯಲ್ಲಿ ನೆನೆಹಾಕಿದ್ದರು. ಹಿತ್ತಲಿನಿಂದ ಅತ್ತೆ ಓಮದ ಸಲಹೆಯನ್ನು ಕೂಗಿ ಹೇಳಿದರು. ಚಿಕ್ಕಪ್ಪನಾದರೋ, ಎಂದೋ ತಮಗೆ ಬರೆದುಕೊಟ್ಟು ಅರ್ಧ ಉಳಿದಿದ್ದ ಭೇದಿ ನಿಲ್ಲಿಸುವ ಮಾತ್ರೆಯ ಪಟ್ಟಿಯನ್ನು ಹಿಡಿದುಕೊಂಡು, ನಾಯಿಯ ತೂಕವನ್ನು ತಮ್ಮ ತೂಕದಿಂದ ಭಾಗಿಸುತ್ತಿದ್ದರು. ಫೋನಿನಲ್ಲಿ ಸಿಕ್ಕ ಪಶುವೈದ್ಯೆಗೆ ಈ ಲೆಕ್ಕ ಕೇಳಿಸಿತೋ ಏನೋ, ಅವರು ಮೊದಲು ಆಡಿದ ಮಾತೇ ಮನುಷ್ಯರ ಮಾತ್ರೆಗಳ ಬಗ್ಗೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳು ನಾಯಿಯ ಜೀವಕ್ಕೇ ಎರವಾಗಬಲ್ಲವು. ಭೇದಿ ನಿಲ್ಲಿಸುವ ಲೋಪೆರಮೈಡ್ ಕೂಡ ಕೋಲಿ ಮುಂತಾದ ಕೆಲವು ತಳಿಗಳಲ್ಲಿರುವ ಒಂದು ವಂಶವಾಹಿಯ ದೋಷದಿಂದಾಗಿ ನೇರವಾಗಿ ಮಿದುಳಿಗೆ ಏರಿ ಕೂರುತ್ತದೆ ಎಂದರು. ಕಾಳಿಯ ಪೂರ್ವಜರಲ್ಲಿ ಅಂಥವರು ಯಾರಾದರೂ ಇದ್ದರೇ ಎಂಬುದನ್ನು ಯಾವ ಶಾಸನವೂ ಹೇಳದ ಕಾರಣ, ಚಿಕ್ಕಪ್ಪ ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡರು.

'ಕರೆದುಕೊಂಡು ಬನ್ನಿ, ಸ್ವಲ್ಪ ಮಲವನ್ನೂ ತನ್ನಿ' ಎಂದು ವೈದ್ಯೆ ಹೇಳಿದ್ದು ಇನ್ನೊಂದು ಧರ್ಮಸಂಕಟವನ್ನು ತಂದಿತು. ನಮ್ಮ ಮನೆಯಲ್ಲಿ ಗಂಡಸರಿಗಿಂತ ಡಬ್ಬಿಗಳಿಗೆ ಗೌರವ ಹೆಚ್ಚು. ಯಾವ ಡಬ್ಬಿಯನ್ನು ಬಲಿ ಕೊಡುವುದೆಂದು ಅಮ್ಮ ಶೆಲ್ಫಿನ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ನಮ್ಮ ಟಿಫನ್ ಕ್ಯಾರಿಯರನ್ನು ಒಯ್ದು ಎಂದೂ ಹಿಂದಿರುಗಿಸದ ಬಂಧುವೊಬ್ಬರ ಮನೆಯ ಹಸಿರು ಮುಚ್ಚಳದ ಡಬ್ಬಿಯನ್ನು ತೆಗೆದುಕೊಟ್ಟರು. ಅದನ್ನು ಕೊಡುವಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ.

ವೈದ್ಯೆ ಕಾಳಿಯ ತುಟಿಯನ್ನು ಮೇಲೆತ್ತಿ, ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಹೆಗಲಿನ ಚರ್ಮವನ್ನು ಎಳೆದು ಬಿಟ್ಟರೆ ಅದೂ ತಟ್ಟನೆ ಸ್ವಸ್ಥಾನ ಸೇರಿತು. ವಸಡು ಒಣಗಿ ಅಂಟಂಟಾಗಿದ್ದರೆ, ಎಳೆದ ಚರ್ಮ ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರು ಬತ್ತಿದೆ ಎಂದರ್ಥ. ನಮ್ಮ ಕಡೆಯ ಯುಗಾದಿಯ ಬಿಸಿಲಿನಲ್ಲಿ ಭೇದಿಗಿಂತ ಇದೇ ಹೆಚ್ಚು ಅಪಾಯ ಎಂದರು. ಪಾರ್ವೋ ಲಸಿಕೆ ಆಗಿದೆಯೇ, ಜಂತುಹುಳುವಿನ ಔಷಧ ಯಾವಾಗ ಕೊಟ್ಟದ್ದು, ಒಂದೊಂದು ಸಲಕ್ಕೆ ಬಹಳ ಹೋಗುತ್ತದೆಯೋ ಅಥವಾ ಲೋಳೆಯೊಂದಿಗೆ ಮುಕ್ಕರಿಸಿ ಮುಕ್ಕರಿಸಿ ಸ್ವಲ್ಪಸ್ವಲ್ಪವೇ ಹೋಗುತ್ತದೆಯೋ ಎಂದೆಲ್ಲ ಕೇಳಿದರು. ಮೊದಲನೆಯದಾದರೆ ತೊಂದರೆ ಸಣ್ಣ ಕರುಳಿನದು, ಎರಡನೆಯದಾದರೆ ದೊಡ್ಡ ಕರುಳಿನದು ಎಂದು ಊಹಿಸಬಹುದಂತೆ. ಈ ಪ್ರಶ್ನೆಗೆ ನಮ್ಮ ಕಡೆಯಿಂದ ಮೂರು ಪರಸ್ಪರ ವಿರುದ್ಧವಾದ, ಅಭಿನಯಸಹಿತವಾದ ಉತ್ತರಗಳು ಹೋದವು.

'ನಿನ್ನೆ ಏನು ತಿಂದಿತು?' ಎಂದು ಅವರು ಕೇಳಿದಾಗ ಕೋಣೆಯಲ್ಲಿ ಮೌನ ಕವಿಯಿತು. ಮೊದಲು ಅಜ್ಜಿ, ತಾವು ಒಬ್ಬಟ್ಟಿನ ಒಂದೇ ಒಂದು ಚೂರನ್ನು ಕೊಟ್ಟದ್ದಾಗಿ ಹೇಳಿದರು. ಅಮ್ಮ, ಅಜ್ಜಿ ಕೊಟ್ಟದ್ದು ಗೊತ್ತಿಲ್ಲದೆ ತಾವೂ ಒಂದು ಚೂರು ಕೊಟ್ಟಿದ್ದರು. ಅಪ್ಪನ ಚೂರು ತುಪ್ಪದಲ್ಲಿ ಅದ್ದಿದ್ದು. ಚಿಕ್ಕಪ್ಪನದು ಹಾಲಿನಲ್ಲಿ ನೆನೆಸಿದ್ದು, ಏಕೆಂದರೆ ಒಣ ಒಬ್ಬಟ್ಟು ನಾಯಿಯ ಗಂಟಲಿಗೆ ಹಿಡಿದುಕೊಳ್ಳಬಹುದೆಂಬ ಕಾಳಜಿ ಅವರಿಗಿತ್ತು. ಅತ್ತೆ ಬೇವು ಬೆಲ್ಲವನ್ನೂ ಬಿಟ್ಟಿರಲಿಲ್ಲ; ಹೊಸ ವರ್ಷದ ಸುಖದುಃಖಗಳು ನಾಯಿಗೂ ಸಮನಾಗಿ ಬರಲಿ ಎಂಬುದು ಅವರ ಸದಾಶಯ. ವೈದ್ಯೆ ಇವೆಲ್ಲವನ್ನೂ ಬರೆದುಕೊಂಡು, ಕಡಲೆಬೇಳೆ, ಬೆಲ್ಲ, ತುಪ್ಪ, ಹಾಲು ಎಂದು ಗಟ್ಟಿಯಾಗಿ ಓದಿದರು. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕಡಿಮೆ. ಜಿಡ್ಡು ಒಮ್ಮೆಲೇ ಹೆಚ್ಚಾದರೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳಬಹುದು ಎಂದು ತಿಳಿಸಿ, 'ಪಾಯಸದಲ್ಲಿ ದ್ರಾಕ್ಷಿ ಇತ್ತೇ?' ಎಂದು ತುಸು ಗಾಬರಿಯಿಂದಲೇ ಕೇಳಿದರು. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದಂತೆ. ಪುಣ್ಯಕ್ಕೆ ನಮ್ಮ ಪಾಯಸದಲ್ಲಿ ದ್ರಾಕ್ಷಿಯನ್ನು ಹುಡುಕುವುದು ಮನುಷ್ಯರಿಗೂ ಸಾಧ್ಯವಾಗುವುದಿಲ್ಲ.

ಪಥ್ಯ ಸರಳವಾಗಿತ್ತು. ಬೆಳೆದ, ಬೇರೆ ತೊಂದರೆಯಿಲ್ಲದ ನಾಯಿಯಾದ್ದರಿಂದ ಒಂದು ಹೊತ್ತಿನ ಊಟ ತಪ್ಪಿದರೆ ನಷ್ಟವಿಲ್ಲ, ಮರಿಯಾಗಿದ್ದರೆ ಹಾಗೆ ಉಪವಾಸ ಕೆಡವಬಾರದು. ನೀರನ್ನು ಮಾತ್ರ ಸ್ವಲ್ಪಸ್ವಲ್ಪವೇ ಆಗಾಗ ಕೊಡುತ್ತಿರಬೇಕು. ಆಮೇಲೆ ಮೆತ್ತಗೆ ಬೇಯಿಸಿದ ಅನ್ನ ಎರಡು ಪಾಲು, ಚರ್ಮವೂ ಮೂಳೆಯೂ ಇಲ್ಲದ ಬೇಯಿಸಿದ ಕೋಳಿ ಒಂದು ಪಾಲು, ಬೇಕಿದ್ದರೆ ಚೂರು ಸಿಹಿಗುಂಬಳ. ಉಪ್ಪು, ಎಣ್ಣೆ, ಒಗ್ಗರಣೆ ಯಾವುದೂ ಕೂಡದು. ರಕ್ತ ಕಂಡರೆ, ಮಲ ಟಾರಿನಂತೆ ಕಪ್ಪಾದರೆ, ಕುಡಿದ ನೀರೂ ವಾಂತಿಯಾದರೆ, ನಾಯಿ ಏಳಲಾರದಷ್ಟು ಸೋತರೆ ಆ ಕ್ಷಣವೇ ಕರೆತರಬೇಕು. ಕೊನೆಗೆ ಒಂದು ಚಿತ್ರಪಟವನ್ನು ಕೊಟ್ಟರು. ಮಲದ ಸ್ವರೂಪಕ್ಕೆ 1ರಿಂದ 7ರವರೆಗೆ ಅಂಕ ಕೊಡುವ ಪದ್ಧತಿ ಅದು: ಒಣಗಿದ ಗಟ್ಟಿ ಉಂಡೆಗೆ 1, ಬರಿಯ ನೀರಿಗೆ 7, ಉತ್ತಮವಾದದ್ದಕ್ಕೆ 2.

ಅಪ್ಪನ ಕಣ್ಣು ಹೊಳೆದದ್ದು ಆಗ. ನಿವೃತ್ತಿಯ ನಂತರ ಅವರಿಗೆ ಅಂಕ ಕೊಡಲು ಏನೂ ಸಿಕ್ಕಿರಲಿಲ್ಲ. ಮನೆಗೆ ಬಂದವರೇ ಪಟವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಳೆಯ ದಿನಚರಿಯೊಂದರಲ್ಲಿ ಗೆರೆ ಹಾಕಿ, ಕೆಂಪು ಶಾಯಿಯ ಪೆನ್ನನ್ನು ಹುಡುಕಿ ತೆಗೆದರು. ಆದರೆ ಅಂಕ ಹೆಚ್ಚಾದಷ್ಟೂ ವಿದ್ಯಾರ್ಥಿ ಅನುತ್ತೀರ್ಣ ಎಂಬ ಈ ವ್ಯವಸ್ಥೆ ಅವರ ವೃತ್ತಿಜೀವನಕ್ಕೆ ತೀರ ವಿರುದ್ಧವಾಗಿದ್ದುದರಿಂದ, ಮೊದಮೊದಲು ಉದಾರವಾಗಿ ಆರೂವರೆ ಕೊಟ್ಟು, ಆಮೇಲೆ ನೆನಪಾಗಿ ಹೊಡೆದುಹಾಕುತ್ತಿದ್ದರು. ಅರ್ಧ ಅಂಕ ಕೊಡಲು ಪಟದಲ್ಲಿ ಅವಕಾಶವಿಲ್ಲವೆಂದು ಚಿಕ್ಕಪ್ಪ ಆಕ್ಷೇಪಿಸಿದರೆ, ಪ್ರಯತ್ನಕ್ಕೂ ಬೆಲೆ ಇರಬೇಕೆಂದು ಅಪ್ಪ ವಾದಿಸುತ್ತಿದ್ದರು.

ಇನ್ನು ಕೋಳಿಯ ಮಾತು. ಯುಗಾದಿಯ ಮರುದಿನ ನಮ್ಮ ಸೀಮೆಯಲ್ಲಿ ಹೊಸತೊಡಕು. ಮಂಡ್ಯದ ಮಾಂಸದಂಗಡಿಗಳ ಮುಂದೆ ನಸುಕಿನಲ್ಲೇ ಸಾಲು ಹತ್ತಿರುತ್ತದೆ, ಹೊತ್ತೇರುವಷ್ಟರಲ್ಲಿ ಇಡೀ ಬೀದಿ ಮಸಾಲೆಯ ಘಮದಲ್ಲಿ ಮುಳುಗಿರುತ್ತದೆ. ಆ ದಿನವೇ ಉಪ್ಪಿಲ್ಲದ ಪಥ್ಯಕ್ಕೆ ಬಿದ್ದ ಕಾಳಿ, ಗೇಟಿನ ಸಂದಿಗೆ ಮೂಗು ತೂರಿಸಿ ಒಂದೊಂದು ಮನೆಯ ಸಾರನ್ನೂ ಬೇರೆಬೇರೆಯಾಗಿ ಆಘ್ರಾಣಿಸಿ ನಿಟ್ಟುಸಿರು ಬಿಡುತ್ತಿತ್ತು. ನಮ್ಮ ಅಡುಗೆಮನೆಗೆ ಮೊಟ್ಟೆಯೂ ಬರುವಂತಿಲ್ಲವಾದ್ದರಿಂದ ಪಕ್ಕದ ಮನೆಯ ಅಕ್ಕ ಕೋಳಿ ಬೇಯಿಸುವ ಹೊಣೆಯನ್ನು ಸಂತೋಷದಿಂದ ಹೊತ್ತುಕೊಂಡರು. ಆದರೆ ಹೊಸತೊಡಕಿನ ದಿನ ಸಪ್ಪೆ ಕೋಳಿಯನ್ನು ಬೇಯಿಸುವುದು ಅವರ ಕೈಗೆ ಒಗ್ಗದು. 'ಅರಿಶಿನವನ್ನಾದರೂ ಹಾಕುತ್ತೇನೆ, ನಾಲ್ಕೇ ಎಸಳು ಬೆಳ್ಳುಳ್ಳಿ ಜಜ್ಜುತ್ತೇನೆ, ವಾಯುವಿಗೆ ಒಳ್ಳೆಯದು' ಎಂದು ಕಾಂಪೌಂಡಿನ ಆಚೆಯಿಂದ ಅಂಗಲಾಚಿದರು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ ಎಂದು ನಾನು ಕೈಮುಗಿದು ತಡೆಯಬೇಕಾಯಿತು. ಅವರು ಆ ಬಿಳಿಯ ತುಂಡುಗಳನ್ನು ತಂದುಕೊಡುವಾಗ, ಬೇಯಿಸಿದವರ ಹೆಸರನ್ನು ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು.

ಕಾಳಿ ಮಾತ್ರ ಆ ಸಪ್ಪೆ ಅನ್ನವನ್ನು ತಟ್ಟೆಯ ಬಣ್ಣ ಹೋಗುವಂತೆ ನೆಕ್ಕಿತು. ಕೊಡುವುದು ಸ್ವಲ್ಪವೇ ಆಗಿರಬೇಕು, ಹಲವು ಬಾರಿ ಕೊಡಬೇಕು ಎಂಬ ವೈದ್ಯೆಯ ಸೂಚನೆಯಲ್ಲಿ ಅಜ್ಜಿಗೆ ಎರಡನೆಯ ಭಾಗ ಮಾತ್ರ ಕೇಳಿಸಿದ್ದರಿಂದ, ತಟ್ಟೆಯನ್ನು ಅವರ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಅಂಕಗಳು ಆರರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ ಇಳಿದವು. ಒಂದು ಬೆಳಿಗ್ಗೆ ಅಪ್ಪ ಕರವೀರದ ಗಿಡದ ಬುಡದಲ್ಲಿ ಬಗ್ಗಿ ನಿಂತು, ಕನ್ನಡಕವನ್ನು ಸರಿಮಾಡಿಕೊಂಡು, ದಿನಚರಿಯಲ್ಲಿ 2 ಎಂದು ಬರೆದು ಅದರ ಸುತ್ತ ವೃತ್ತ ಹಾಕಿ 'ಉತ್ತಮ ಪ್ರಗತಿ' ಎಂದು ಷರಾ ಬರೆದರು. ಆ ಷರಾ ನನ್ನ ಯಾವ ಪ್ರಗತಿಪತ್ರದಲ್ಲೂ ಇರಲಿಲ್ಲ.

ಹಳೆಯ ಆಹಾರವನ್ನು ಒಮ್ಮೆಲೇ ಶುರುಮಾಡದೆ, ಪಥ್ಯದ ಅನ್ನದೊಂದಿಗೆ ದಿನದಿನಕ್ಕೆ ಹೆಚ್ಚಿಸುತ್ತ ಬೆರೆಸಿ ಕೊಡಬೇಕೆಂದು ವೈದ್ಯೆ ಹೇಳಿದ್ದರಿಂದ ಪಟವನ್ನು ಫ್ರಿಜ್ಜಿನಿಂದ ತೆಗೆದಿರಲಿಲ್ಲ. ಮಿಕ್ಕ ಒಬ್ಬಟ್ಟುಗಳು ಅದೇ ಫ್ರಿಜ್ಜಿನೊಳಗಿದ್ದವು. ನಾಯಿಗೆ ನಿಷೇಧವಾದ ಮೇಲೆ ಅವು ಹಾಳಾಗಬಾರದೆಂದು ಚಿಕ್ಕಪ್ಪ ರಾತ್ರಿಯ ಹೊತ್ತು ಅವುಗಳ ವಿಲೇವಾರಿಯನ್ನು ಕೈಗೆತ್ತಿಕೊಂಡಿದ್ದರೆಂಬುದು ಯಾರಿಗೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡಿಯದೆ ಅವರು ಆ ಪಟದ ಮುಂದೆ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಆರನೆಯ ಚಿತ್ರದ ಮೇಲೆ ಬೆರಳಿಟ್ಟು, ಇದಕ್ಕೆ ಅನ್ನ ಎಷ್ಟು ಪಾಲು ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅಪ್ಪ ಕೆಂಪು ಪೆನ್ನಿನ ಮುಚ್ಚಳ ತೆಗೆದರು.